ಡೊಳ್ಳಿನ ಮೇಳ ಸುತ್ತಾಗಿ ಏಕೆ ನಿಲ್ಲುತ್ತದೆ?

(ಊರಲ್ಲಿ ಹೊಸದಾಗಿ ಡೊಳ್ಳಿನ ಮೇಳ ಕಟ್ಟಲು ಹೊರಟವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ)

ಈಗಷ್ಟೇ ಹೊರಗೆ ಅಂಗಳದಲ್ಲಿ ಎರಡು ಸಲ ಡೊಳ್ಳು ಕೇಳಿದಿರಿ. ಮೊದಲ ಸಲ ಹದಿನಾರು ಜನ ಸುತ್ತು ನಿಂತು ಬಾರಿಸಿದರು. ಎರಡನೇ ಸಲ ಅದೇ ಜನ, ಅದೇ ಡೊಳ್ಳು, ಅದೇ ಗತ್ತು, ಅಂದರೆ ಏಟುಗಳ ಅದೇ ವರಸೆ. ಒಬ್ಬರ ಹಿಂದೊಬ್ಬರು ಉದ್ದಕ್ಕೆ ಸಾಲು ನಿಂತಿದ್ದರು, ಅಷ್ಟೇ. ಮೊದಲನೆಯದು ಎದೆಗೆ ಬಂದು ಬಡಿಯಿತು. ಎರಡನೆಯದು ಮೂಟೆ ಹರಿದು ಜೋಳ ಸುರಿದ ಹಾಗೆ ಕೇಳಿಸಿತು. ಯಾರ ಕೈಯೂ ತಪ್ಪಿರಲಿಲ್ಲ. ತಪ್ಪಿದ್ದು ನಿಂತ ರೀತಿ.

ಡೊಳ್ಳು ಕುಣಿತದ ಸುತ್ತನ್ನು ನೋಡಿದವರು ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಫೋಟೊಗೆ ಚೆಂದ, ಮೇಲಿಂದ ಡ್ರೋನ್ ಹಾರಿಸಿದರೆ ಇನ್ನೂ ಚೆಂದ. ಆದರೆ ಸುತ್ತು ಇರುವುದು ಕಣ್ಣಿಗಲ್ಲ, ಬಾರಿಸುವವರ ಕಿವಿಗೆ. ಇವತ್ತು ಹೇಳಬೇಕಾದದ್ದು ಇದೊಂದೇ. ಚರ್ಮ, ಹಗ್ಗ, ಪಟ್ಟಿ, ತಾಳ, ಮೆರವಣಿಗೆ, ಪೊಲೀಸ್ ಅನುಮತಿ ಎಲ್ಲ ಬರುತ್ತವೆ, ಆದರೆ ಬರುವುದು ಈ ಮಾತಿನ ಬೆನ್ನಿಗೇ.

ಲೆಕ್ಕ ಹಾಕಿ ನೋಡೋಣ. ನಮ್ಮ ಹವೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಕೇಳಲು ದೊಡ್ಡದು, ತಾಳಕ್ಕೆ ಸಾಲದು. ಹದಿನಾರು ಜನ ಸಾಲಾಗಿ, ಒಬ್ಬೊಬ್ಬರ ನಡುವೆ 6 ಅಡಿ ಬಿಟ್ಟು ನಿಂತರೆ ಮುಂದಿನವನಿಂದ ಹಿಂದಿನವನಿಗೆ 90 ಅಡಿ, ಅಂದರೆ 27 ಮೀಟರಿಗಿಂತ ತುಸು ಹೆಚ್ಚು. ಮುಂದಿನವನ ಏಟು ಹಿಂದಿನವನ ಕಿವಿ ಮುಟ್ಟುವ ಹೊತ್ತಿಗೆ ಸುಮಾರು 80 ಮಿಲಿಸೆಕೆಂಡ್ ಕಳೆದಿರುತ್ತದೆ. ಕುಣಿತ ಏರಿ ನಿಮಿಷಕ್ಕೆ 150 ಎಣಿಕೆಯ ವೇಗಕ್ಕೆ ಬಂದಾಗ ಒಂದೊಂದು ಎಣಿಕೆಗೆ ಸಿಗುವುದು 400 ಮಿಲಿಸೆಕೆಂಡ್. ಅದರೊಳಗೆ ನಾಲ್ಕು ಏಟು ಕೂರಿಸಿದರೆ ಏಟಿಗೆ 100. ಆ ನೂರರಲ್ಲಿ ಎಂಬತ್ತು ದಾರಿಯಲ್ಲೇ ಖರ್ಚಾದರೆ ಹಿಂದಿನವನು ಹೆಚ್ಚುಕಡಿಮೆ ಒಂದು ಇಡೀ ಏಟು ತಡವಾಗಿ ಬಾರಿಸುತ್ತಿರುತ್ತಾನೆ. ಅದೂ ಪೂರ್ತಿ ಪ್ರಾಮಾಣಿಕವಾಗಿ, ತನಗೆ ಕೇಳಿದ್ದಕ್ಕೆ ಸರಿಯಾಗಿಯೇ! ಇನ್ನು ಮುಂದಿನವನೂ ಹಿಂದಿನವರಿಗೆ ಕಿವಿ ಕೊಟ್ಟನೋ, ಈ ತಡ ಇಮ್ಮಡಿಯಾಗಿ ಅವನಿಗೇ ಮರಳುತ್ತದೆ. ಅವರಿಗಾಗಿ ಇವನು ಕಾಯುತ್ತಾನೆ, ಇವನಿಗಾಗಿ ಅವರು ಕಾಯುತ್ತಾರೆ, ಗತ್ತು ಕೆಸರಲ್ಲಿ ಸಿಕ್ಕ ಗಾಡಿಯಂತೆ ನಿಧಾನವಾಗುತ್ತ ಹೋಗುತ್ತದೆ.

ಅದೇ ಹದಿನಾರು ಜನರನ್ನು 5 ಅಡಿ ಅಂತರದಲ್ಲಿ ಸುತ್ತಿಗೆ ನಿಲ್ಲಿಸಿ. ಸುತ್ತಳತೆ 80 ಅಡಿ, ಅಡ್ಡಳತೆ ಇಪ್ಪತ್ತೈದೂವರೆ ಅಡಿ, ಅಂದರೆ 8 ಮೀಟರಿಗೂ ಕಡಿಮೆ. ತೀರ ಎದುರಿಗೆ ನಿಂತವನ ಏಟು ಬರಲು 23 ಮಿಲಿಸೆಕೆಂಡ್. ಇಷ್ಟನ್ನು ಕಿವಿ ಕ್ಷಮಿಸಿಬಿಡುತ್ತದೆ. ಇನ್ನು ತಾಳದವನನ್ನು, ಅಂದರೆ ಕಂಚಿನ ತಾಳ ಬಾರಿಸುವವನನ್ನು, ನಟ್ಟನಡುವೆ ನಿಲ್ಲಿಸಿದರೆ ಎಲ್ಲರಿಗೂ ಅವನು 13 ಅಡಿ ದೂರ. ತಾಳ ಎಲ್ಲರಿಗೂ 11 ಮಿಲಿಸೆಕೆಂಡ್ ತಡವಾಗಿಯೇ ಕೇಳುತ್ತದೆ, ಆದರೆ ಎಲ್ಲರಿಗೂ ಅಷ್ಟೇ ತಡ. ಎಲ್ಲರೂ ಒಂದೇ ಅಳತೆಗೆ ತಡವಾದರೆ ಅದು ತಡವೇ ಅಲ್ಲ. ಬೀರೇಶ್ವರನ ಗುಡಿಯ ಮುಂದೆ ತಲೆಮಾರುಗಳಿಂದ ಸುತ್ತು ಕುಣಿದವರು ಮಿಲಿಸೆಕೆಂಡ್ ಎಣಿಸಿರಲಿಲ್ಲ, ಅವರ ಕಿವಿ ಎಣಿಸಿತ್ತು.

ಬೇರೆ ಕಡೆ ನೋಡಿದರೂ ಜನ ಇದಕ್ಕೇ ಬಂದು ಮುಟ್ಟಿದ್ದಾರೆ. ಅಮೆರಿಕದಲ್ಲಿ ಡ್ರಮ್ ಸರ್ಕಲ್ ಅನ್ನುತ್ತಾರೆ. ಪಶ್ಚಿಮ ಆಫ್ರಿಕಾದ ಜೆಂಬೆ ಹಿಡಿದು, ಒಬ್ಬರಿಗೊಬ್ಬರು ಪರಿಚಯವಿಲ್ಲದವರೂ ಸುತ್ತು ಕೂತು ಬಾರಿಸುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಬೇಸಿಗೆಯ ಭಾನುವಾರಗಳಲ್ಲಿ ಮೌಂಟ್ ರಾಯಲ್ ಗುಡ್ಡದ ಬುಡದಲ್ಲಿ ಇಂಥದ್ದು ದಶಕಗಳಿಂದ ನಡೆಯುತ್ತಿದೆ. ಬೆಂಗಳೂರಿನ ಕಂಪನಿಗಳಲ್ಲೂ ಈಗ ಬಾಡಿಗೆ ಜೆಂಬೆ ತರಿಸಿ ನೌಕರರನ್ನು ಸುತ್ತು ಕೂರಿಸುವುದುಂಟು. ಅವರದು ಕೂತ ಸುತ್ತು, ನಮ್ಮದು ಕುಣಿಯುವ ಸುತ್ತು. ಕುಣಿಯುವ ಸುತ್ತು ಹಿಗ್ಗುತ್ತದೆ, ಕುಗ್ಗುತ್ತದೆ, ತಿರುಗುತ್ತದೆ, ಅದಕ್ಕೇ ಕಷ್ಟ.

ಈಗ ವಾದ್ಯಕ್ಕೆ ಬರೋಣ. ಇಲ್ಲಿ ಮೇಜಿನ ಮೇಲೆ ಇಟ್ಟಿರುವುದು ಮರದ ಡೊಳ್ಳು. ಉದ್ದ ಎರಡು ಅಡಿ ಆಸುಪಾಸು, ತೂಕ 12 ಕಿಲೋ. ಹಳೆಯ ಗುಡಿಗಳಲ್ಲಿ ಇದಕ್ಕಿಂತ ಬಹಳ ದೊಡ್ಡವು ಇವೆ. ಅವನ್ನು ಹೊತ್ತು ಕುಣಿಯುವುದಕ್ಕೆ ಬೇರೆಯದೇ ಮೈ ಬೇಕು. ಶಿವ ಡೊಳ್ಳಾಸುರನ ಹೊಟ್ಟೆಯೊಳಗೆ ಬೆಳೆದು, ಸೀಳಿ ಹೊರಬಂದು, ಅವನ ಚರ್ಮದಿಂದಲೇ ಡೊಳ್ಳು ಮಾಡಿ ಹಾಲುಮತದವರ, ಅಂದರೆ ಕುರುಬರ, ಕೈಗೆ ಕೊಟ್ಟ ಎಂಬ ಕಥೆ ನಿಮಗೆಲ್ಲ ಗೊತ್ತು. ಇವತ್ತಿನ ಡೊಳ್ಳಿಗೆ ಆಡು, ಕುರಿಯ ಚರ್ಮ ಸಾಕು.

ಹತ್ತಿರ ಬಂದು ನೋಡಿ. ಎರಡು ಬಾಯಿ, ಎರಡು ಚರ್ಮ. ಒಂದೊಂದು ಚರ್ಮವೂ ಒಂದು ಬಳೆಗೆ ಸುತ್ತಿಕೊಂಡಿದೆ. ಒಂದೇ ಹಗ್ಗ ಆ ಬಳೆಯಿಂದ ಈ ಬಳೆಗೆ, ಈ ಬಳೆಯಿಂದ ಆ ಬಳೆಗೆ ಹೊಲಿದ ಹಾಗೆ ಓಡಿದೆ. ಹಗ್ಗದ ಎರಡೆರಡು ಎಳೆಗೆ ಒಂದೊಂದು ಕಬ್ಬಿಣದ ಉಂಗುರ. ಉಂಗುರ ಜಾರಿಸಿದರೆ ಎರಡೆಳೆ ಒಂದರತ್ತ ಒಂದು ಬಾಗಿ ಹಗ್ಗ ಬಿಗಿಯುತ್ತದೆ. ಹೊಸಬರು ಇಲ್ಲೇ ಎಡವುತ್ತಾರೆ. ಕೋಲು ಬೀಳುವ ಬಲಬಾಯಿ ಗಟ್ಟಿಯಾಗಿರಬೇಕು, ಅಂಗೈ ಬೀಳುವ ಎಡಬಾಯಿ ತುಸು ಮೆತ್ತಗೆ ಗುಂಯ್ ಅನ್ನಬೇಕು ಎಂದು ಕೇಳಿರುತ್ತಾರೆ. ಸರಿ, ಬಲಬಾಯಿ ಮಾತ್ರ ಬಿಗಿಯೋಣ ಎಂದು ಹೊರಡುತ್ತಾರೆ. ಆಗುವುದಿಲ್ಲ. ಹಗ್ಗ ಒಂದೇ, ಎಳೆತವೂ ಎರಡು ಬಾಯಿಗೂ ಒಂದೇ. ದನಿಯ ವ್ಯತ್ಯಾಸ ಹುಟ್ಟುವುದು ಚರ್ಮದ ದಪ್ಪದಿಂದ, ಬಾಯಿಯ ಅಗಲದಿಂದ. ಅದನ್ನು ಚರ್ಮ ಆರಿಸುವಾಗಲೇ ತೀರ್ಮಾನಿಸಬೇಕು, ಬಿಗಿಯುವಾಗಲ್ಲ.

ಬಿಗಿದದ್ದು ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಒಂದು ಬೆರಳು ಸಾಕು. ಬಾಯಿಯ ಅಂಚಿನಿಂದ ಎರಡು ಬೆರಳಗಲ ಒಳಗೆ, ಸುತ್ತಲೂ ಎಂಟು ಕಡೆ, ತೋರುಬೆರಳಿನಿಂದ ತಟ್ಟುತ್ತ ಬನ್ನಿ. ಎಂಟೂ ಕಡೆ ಒಂದೇ ದನಿ ಬರಬೇಕು. ಈ ಡೊಳ್ಳಿನಲ್ಲಿ ಕೇಳಿ: ಟಂ, ಟಂ, ಟಂ, ಟಪ್. ಆ ‘ಟಪ್’ ಅಂದ ಕಡೆಯ ಉಂಗುರ ಜಾರಿದೆ. ಅದನ್ನು ಮರದ ತುಂಡಿನಿಂದ ಒಂದು ಬೆರಳಗಲ ತಟ್ಟಿ ಮತ್ತೆ ನೋಡಿ. ಕಬ್ಬಿಣದ ಸುತ್ತಿಗೆಯಿಂದ ತಟ್ಟಬೇಡಿ, ಹಗ್ಗದ ಎಳೆ ಕತ್ತರಿಸುತ್ತದೆ. ಬಿಗಿಯುವಾಗ ಒಂದೇ ದಿಕ್ಕಿನಲ್ಲಿ ಸಾಲಾಗಿ ಹೋಗಲೂಬೇಡಿ. ಒಂದು ಉಂಗುರ ತಟ್ಟಿದರೆ ಮುಂದಿನದು ಅದರ ನೇರ ಎದುರಿನದು. ಸಾಲಾಗಿ ಹೋದರೆ ಚರ್ಮ ಒಂದು ಕಡೆಗೆ ಎಳೆದು, ಬಳೆ ಓರೆಯಾಗಿ ಕೂರುತ್ತದೆ. ಬಳೆ ಓರೆಯಾದ ಡೊಳ್ಳು ಆಮೇಲೆ ಯಾರ ಮಾತನ್ನೂ ಕೇಳುವುದಿಲ್ಲ, ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು.

ಹೊಸ ಚರ್ಮ ಹಾಕುವುದು ಅವಸರದ ಕೆಲಸವಲ್ಲ. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಬಳೆಗೆ ಸುತ್ತಿ, ಹಗ್ಗ ಪೋಣಿಸಿ, ಅರೆಬಿಗಿಯಲ್ಲಿ ನಿಲ್ಲಿಸಬೇಕು. ಆಮೇಲೆ ನೆರಳಲ್ಲಿ ಎರಡು ಮೂರು ದಿನ. ಬಿಸಿಲಿಗಿಟ್ಟರೆ ಮೇಲುಪದರ ಮೊದಲು ಒಣಗಿ ಎಳೆಯುತ್ತದೆ, ಒಳಗಿನ್ನೂ ಹಸಿ. ಹಗ್ಗದ ತೂತುಗಳಿಂದಲೇ ಚರ್ಮ ಸೀಳುತ್ತದೆ. ಪೂರ್ತಿ ಬಿಗಿ ಕೊಡುವುದು ಒಣಗಿದ ಮೇಲೆ, ಅದೂ ಎರಡು ಮೂರು ದಿನಕ್ಕೆ ಹಂಚಿ. ಈ ಕೆಲಸ ಗೊತ್ತಿರುವ ಕೈಗಳು ಊರೂರಲ್ಲಿ ಕಡಿಮೆಯಾಗುತ್ತಿವೆ. ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರ ಹೆಸರು ದಪ್ಪಕ್ಷರದಲ್ಲಿರುತ್ತದೆ, ಬಾರಿಸುವವರದು ‘ಮತ್ತು ತಂಡ’ ಎಂದಿರುತ್ತದೆ, ಚರ್ಮ ಬಿಗಿದವನದು ಇರುವುದೇ ಇಲ್ಲ.

ಹವೆ ಡೊಳ್ಳಿನ ದೊಡ್ಡ ಶತ್ರು. ಚರ್ಮ ಗಾಳಿಯ ತೇವ ಕುಡಿದು ಸಡಿಲಾಗುತ್ತದೆ. ಸಾಗರ, ಸೊರಬದ ಕಡೆಯ ಮಳೆಗಾಲದಲ್ಲಿ ಬೆಳಿಗ್ಗೆ ಬಿಗಿದದ್ದು ಸಂಜೆಗೆ ಜೋಲುತ್ತದೆ. ಹುಲ್ಲಿನ ಇಲ್ಲವೇ ಕಾಗದದ ಬೆಂಕಿ ಮಾಡಿ ಕಾಯಿಸುವುದು ರೂಢಿ, ತಪ್ಪಿಲ್ಲ. ಆದರೆ ಒಂದು ಅಳತೆ ಇಟ್ಟುಕೊಳ್ಳಿ: ನಿಮ್ಮ ಅಂಗೈಯನ್ನು ಚರ್ಮದ ಜಾಗದಲ್ಲಿ ಹಿಡಿದು ಹತ್ತು ಎಣಿಸಲಾಗದಷ್ಟು ಬಿಸಿಯಿದ್ದರೆ ಡೊಳ್ಳಿಗೂ ಅದು ಹೆಚ್ಚೇ. ತಿರುಗಿಸುತ್ತಲೇ ಇರಿ. ಕಾಯಿಸಿ ತಂದ ಡೊಳ್ಳು ಒದ್ದೆ ಗಾಳಿಯಲ್ಲಿ ಅರ್ಧ ಗಂಟೆ ಹದದಲ್ಲಿದ್ದರೆ ಹೆಚ್ಚು, ಆದ್ದರಿಂದ ಸರದಿ ಯಾವಾಗ ಬರುತ್ತದೆ ಎಂದು ಗೊತ್ತಾಗದೆ ಬೆಂಕಿ ಹಚ್ಚಬೇಡಿ. ಮಳೆಯಲ್ಲಿ ಪೂರ್ತಿ ನೆಂದ ಚರ್ಮವನ್ನಂತೂ ಬೆಂಕಿಗೆ ಹಿಡಿಯಲೇಬಾರದು. ಹಗ್ಗ ಸಡಿಲಿಸಿ, ಬಟ್ಟೆಯಿಂದ ಒತ್ತಿ, ಅದನ್ನು ಅವತ್ತಿಗೆ ಮರೆತುಬಿಡಿ. ಹದಿನಾರು ಜನರ ಮೇಳಕ್ಕೆ ಎರಡು ಹೆಚ್ಚಿನ ಡೊಳ್ಳು, ನಾಲ್ಕು ಹೆಚ್ಚಿನ ಕೋಲು, ಇಪ್ಪತ್ತು ಅಡಿ ಹಗ್ಗ ಗಾಡಿಯಲ್ಲಿ ಇರಲೇಬೇಕು.

ಸಭೆಯಿಂದ ಒಬ್ಬರು ಫೈಬರ್ ಬಾಯಿಯ ಬಗ್ಗೆ ಕೇಳಿದರು. ಮಳೆಗೆ ಜಗ್ಗುವುದಿಲ್ಲ, ಹಗುರ, ವರ್ಷಗಟ್ಟಲೆ ಬಾಳುತ್ತದೆ. ದನಿ ಮಾತ್ರ ಬೇರೆ: ಏಟಿನ ತುದಿ ಚುರುಕಾಗಿ ಕೇಳಿ, ಹಿಂದಿನ ಗುಂಯ್ ಬೇಗ ಸಾಯುತ್ತದೆ. ಕಲಿಕೆಗೆ, ಮಳೆಗಾಲಕ್ಕೆ, ಹೊರದೇಶದ ಕನ್ನಡ ಸಂಘಗಳಿಗೆ ಫೈಬರ್ ಇರಲಿ ಎನ್ನುತ್ತೇವೆ. ಹೊರದೇಶಕ್ಕಂತೂ ಅದೇ ಸಲೀಸು. ಆಸ್ಟ್ರೇಲಿಯದಂಥ ಕಡೆ ಪ್ರಾಣಿಯ ಚರ್ಮಕ್ಕೆ ತಪಾಸಣೆ ಬಿಗಿ. ಉತ್ತರ ಅಮೆರಿಕದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಒಣಗಾಳಿಗೆ ಚರ್ಮ ತಾನಾಗಿ ಬಿಗಿದು ಬಿರುಕು ಬಿಡುತ್ತದೆ. ವಿಮಾನದ ಲಗೇಜಿನ ಅಳತೆಯನ್ನೂ ನೋಡಿಕೊಳ್ಳಿ: ಉದ್ದ, ಅಗಲ, ಎತ್ತರ ಕೂಡಿ 158 ಸೆಂಟಿಮೀಟರ್ ಮೀರಬಾರದೆಂಬುದು ಬಹುತೇಕ ಕಂಪನಿಗಳ ನಿಯಮ. 60 ಉದ್ದ, 50 ಅಡ್ಡದ ಡೊಳ್ಳು, ಅಗಲವೂ ಎತ್ತರವೂ 50 ಆದ್ದರಿಂದ, 160 ಆಗುತ್ತದೆ. ಎರಡು ಸೆಂಟಿಮೀಟರಿಗಾಗಿ ಕೌಂಟರಿನಲ್ಲಿ ಜಗಳ! ಗುಡಿಯ ಸೇವೆಗೆ ಮಾತ್ರ ಚರ್ಮದ್ದೇ ಇರಲಿ, ಅಲ್ಲಿ ವಾದಕ್ಕೆ ಹೋಗಬೇಡಿ.

ಹೊತ್ತುಕೊಳ್ಳುವ ಪಟ್ಟಿಯ ಬಗ್ಗೆ ಯಾರೂ ಮಾತಾಡುವುದಿಲ್ಲ, ಮೇಳ ಬಿಟ್ಟುಹೋಗುವವರು ಬಿಡುವುದು ಮಾತ್ರ ಇದರಿಂದಲೇ. ತೆಳು ಹಗ್ಗದಲ್ಲಿ 12 ಕಿಲೋ ನೇತುಹಾಕಿದರೆ ಕತ್ತಿನ ಬುಡದಲ್ಲಿ ಗೀರು ಬೀಳುತ್ತದೆ, ಎರಡು ವಾರದಲ್ಲಿ ಕೈ ಜೋಮು ಹಿಡಿಯುತ್ತದೆ. ಪಟ್ಟಿ ಮೂರು ಇಂಚಾದರೂ ಅಗಲವಿರಲಿ, ಭಾರ ಕತ್ತಿನ ಮೇಲಲ್ಲ, ಹೆಗಲ ಮೇಲೆ ಬೀಳಲಿ, ಕೆಳಗೆ ಮಡಿಸಿದ ಕಂಬಳಿ ಇರಲಿ. ಕರಿ ಕಂಬಳಿ ಹಾಲುಮತದ ಗುರುತು ಮಾತ್ರವಲ್ಲ, ಹೆಗಲಿಗೆ ಅದಕ್ಕಿಂತ ಒಳ್ಳೆಯ ಮೆತ್ತೆ ಬೇರೆ ಇಲ್ಲ. ಸೊಂಟಕ್ಕೊಂದು ಕಟ್ಟು ಬೇಕೇ ಬೇಕು. ಅದಿಲ್ಲದಿದ್ದರೆ ತಿರುಗಿದಾಗ ನೀವು ನಿಂತ ಮೇಲೂ ಡೊಳ್ಳು ತಿರುಗುತ್ತಲೇ ಇರುತ್ತದೆ, ಪಕ್ಕದವರ ಮೊಣಕೈಗೆ ಬಡಿಯುತ್ತದೆ. ಹೆಣ್ಣುಮಕ್ಕಳ ಮೇಳಗಳು ಈಗ ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಚೆನ್ನಾಗಿ ಬೆಳೆಯುತ್ತಿವೆ. ಅವರಿಗೆಂದು ‘ಸಣ್ಣ ಡೊಳ್ಳು’ ಕೊಡುವ ಬದಲು ಪಟ್ಟಿಯ ಉದ್ದ ಸರಿಮಾಡಿ ಕೊಡಿ. ಸಾಮಾನ್ಯವಾಗಿ ಅಳತೆ ತಪ್ಪಿರುವುದು ಪಟ್ಟಿಯದು.

ಇನ್ನು ಕಲಿಕೆ. ಮೊದಲ ತಿಂಗಳು ಡೊಳ್ಳು ಮುಟ್ಟಿಸಬೇಡಿ. ಚಪ್ಪಾಳೆ, ಹೆಜ್ಜೆ, ಬಾಯಲ್ಲಿ ಎಣಿಕೆ. ಆಮೇಲೆ ಹಳೆಯ ಟೈರು. ಟೈರಿಗೆ ಕೋಲು ಬಡಿದರೆ ಚರ್ಮ ಉಳಿಯುತ್ತದೆ, ಕೋಲು ಪುಟಿಯುವ ಅಂದಾಜೂ ಸಿಗುತ್ತದೆ. ನಾವು ಕಲಿಸಲು ಬಳಸುವ ಮೊದಲ ಪಾಠ ಎಂಟು ಎಣಿಕೆಯದು: ಒಂದು, ಮೂರು, ನಾಲ್ಕು ಕೋಲಿಗೆ, ಐದು, ಏಳು ಕೈಗೆ, ಎರಡು, ಆರು, ಎಂಟು ಖಾಲಿ. ಬಲಗಾಲು ಒಂದಕ್ಕೆ, ಎಡಗಾಲು ಐದಕ್ಕೆ. ಹತ್ತು ನಿಮಿಷದಲ್ಲಿ ಎಲ್ಲರೂ ಬಾರಿಸುತ್ತಾರೆ. ಹತ್ತು ದಿನವಾದರೂ ಬಾರದಿರುವುದು ಎಂಟನೆಯ ಖಾಲಿ. ಆ ಎಂಟನ್ನು ಎಲ್ಲರೂ ನುಂಗುತ್ತಾರೆ. ಏಳಾದ ಕೂಡಲೇ ಕೈ ಒಂದಕ್ಕೆ ಹಾರುತ್ತದೆ, ಸುತ್ತಿಗೊಮ್ಮೆ ಕೂದಲೆಳೆಯಷ್ಟು ಬೇಗ. ನೂರು ಸುತ್ತಾಗುವಷ್ಟರಲ್ಲಿ ಗತ್ತು ಓಡುತ್ತಿರುತ್ತದೆ, ಯಾರು ಓಡಿಸಿದರೆಂದು ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೊಂದು ಮದ್ದಿದೆ: ಎಂಟನೆಯ ಎಣಿಕೆಗೆ ಎಲ್ಲರೂ ಉಸಿರು ಬಿಡಬೇಕು, ಕೇಳುವಂತೆ, ‘ಹಾ’ ಎಂದು. ಬಾಯಿ ಆ ಜಾಗ ಹಿಡಿದುಕೊಂಡರೆ ಕೈ ಅದನ್ನು ಕದಿಯಲಾರದು.

ಎಡಗೈ ಬೀಳುವ ಜಾಗವನ್ನೂ ಮೊದಲ ದಿನವೇ ತಿದ್ದಿ. ಅಂಗೈಯ ಬುಡ ಬಳೆಗೆ ತಾಗಿದರೆ ವಾರದಲ್ಲಿ ಎಲುಬು ನೋವು ಶುರು. ಬೆರಳುಗಳು ಚರ್ಮದ ಮೇಲೆ ಬಿದ್ದು, ಬಿಸಿ ಹಂಚು ಮುಟ್ಟಿದಂತೆ ಕೂಡಲೇ ಮೇಲೇಳಬೇಕು. ಒತ್ತಿಕೊಂಡರೆ ದನಿ ಒಳಗೇ ಸಾಯುತ್ತದೆ. ವಾರಕ್ಕೆ ಮೂರು ದಿನದಂತೆ ಮೂರು ತಿಂಗಳು ಕಳೆಯದೆ ಬಯಲಿಗೆ ಇಳಿಯಬೇಡಿ.

ತಾಳದವನ ಮಾತು ಈಗ. ಮೇಳದಲ್ಲಿ ಅತಿ ಚಿಕ್ಕ ವಾದ್ಯ ಅವನದು, ಅತಿ ದೊಡ್ಡ ಅಧಿಕಾರವೂ ಅವನದೇ. ಇದಕ್ಕೆ ಕಾರಣ ಕಿವಿಯಲ್ಲಿದೆ. ಡೊಳ್ಳಿನ ಬಲವೆಲ್ಲ ತಗ್ಗು ದನಿಯಲ್ಲಿ, ತಾಳದ ಕಂಚಿನದು ಮೇಲು ದನಿಯಲ್ಲಿ. ಮನುಷ್ಯರ ಕಿವಿ ಚುರುಕಾಗಿರುವುದು ಸೆಕೆಂಡಿಗೆ ಎರಡರಿಂದ ನಾಲ್ಕು ಸಾವಿರ ಕಂಪನದ ಆಸುಪಾಸಿನಲ್ಲಿ. ಹಾಗಾಗಿ ಹದಿನಾರು ಡೊಳ್ಳಿನ ಗುಡುಗಿನ ನಡುವೆಯೂ ಒಂದು ಜೊತೆ ತಾಳ ತೂರಿ ಬರುತ್ತದೆ. ತೂರಿ ಬರುವುದಕ್ಕೂ ಮಿತಿಯಿದೆ. ಎಲ್ಲರೂ ಮೈಮರೆತು ಬಡಿದರೆ ಅದೂ ಮುಳುಗುತ್ತದೆ, ಆಮೇಲೆ ಪ್ರತಿಯೊಬ್ಬನೂ ತನ್ನದೇ ಡೊಳ್ಳನ್ನು ಮಾತ್ರ ಕೇಳುತ್ತಾನೆ. ಆದ್ದರಿಂದ ನಮ್ಮ ಕಟ್ಟಳೆ ಒಂದೇ: ನಿನಗೆ ತಾಳ ಕೇಳದಿದ್ದರೆ ನೀನು ಹೆಚ್ಚು ಜೋರಾಗಿ ಹೊಡೆಯುತ್ತಿದ್ದೀಯ. ನಿಲ್ಲಿಸಬೇಡ, ತಗ್ಗಿಸು. ಚೆನ್ನಾಗಿ ಬಾರಿಸುವವನನ್ನು ಡೊಳ್ಳಿಗೆ ಹಾಕಿ, ಉಳಿದವನ ಕೈಗೆ ತಾಳ ಕೊಡುವ ಮೇಳಗಳಿವೆ. ತಿರುಗಾಮುರುಗಾ. ಲಯ ಅಲುಗದವನಿಗೆ ತಾಳ ಕೊಡಿ, ಅವನು ಕುಣಿಯದಿದ್ದರೂ ನಡೆಯುತ್ತದೆ. ಜನ ಸಿಳ್ಳೆ ಹಾಕಿದಾಗ ಓಡದೆ ನಿಲ್ಲುವುದೇ ಅವನ ಕೆಲಸ. ಅಭ್ಯಾಸದಲ್ಲಿ ನಿಮಿಷಕ್ಕೆ 100 ಇದ್ದ ಎಣಿಕೆ ಜನರೆದುರು ತಾನಾಗಿ 115, 120ಕ್ಕೆ ಏರುತ್ತದೆ. ಬೇಕೆಂದೇ 90ರಲ್ಲಿ ಶುರುಮಾಡಿ.

ಬಯಲಿನ ಜಾಗ ಅಳೆಯುವುದನ್ನು ಕಲಿಯಿರಿ. ಹದಿನಾರರ ಸುತ್ತಿಗೆ 25 ಅಡಿ ಅಡ್ಡಳತೆ ಸಾಕು ಅಂದೆವು. ಅದು ನಿಂತಾಗ. ಹಿಂದಕ್ಕೆ ಹೆಜ್ಜೆ ಹಾಕಲು ಸುತ್ತಲೂ ಐದು ಅಡಿ ಬೇಕು, ಒಟ್ಟು 35 ಅಡಿ. ಸಂಘಟಕರು ತೋರಿಸುವ ವೇದಿಕೆ ಹೆಚ್ಚಾಗಿ 30 ಅಡಿ ಅಗಲ, 20 ಅಡಿ ಆಳ. ಅಲ್ಲಿ ಹದಿನಾರು ಜನ ಹತ್ತಿದರೆ ಕುಣಿತವಲ್ಲ, ನೂಕುನುಗ್ಗಲು. ಎಂಟು ಜನ ಅರೆಸುತ್ತಿನಲ್ಲಿ ಹತ್ತಿ, ಉಳಿದವರು ಕೆಳಗೆ ಇರಲಿ, ಇಲ್ಲವೇ ಎಲ್ಲರೂ ಕೆಳಗೇ ಬಾರಿಸಿ. ಜನ ಸುತ್ತುವರಿದಾಗ ಸುತ್ತು ತಾನಾಗಿ ಕುಗ್ಗುತ್ತದೆ, ಹಿಂದಿನವರು ತಳ್ಳುತ್ತಾರೆ, ಐದು ನಿಮಿಷಕ್ಕೆ ಮೂರು ಅಡಿ ಹೋಗಿರುತ್ತದೆ. ಹಗ್ಗ ಕಟ್ಟಿ ಬೈದು ಪ್ರಯೋಜನವಿಲ್ಲ. ಮುಂದಿನ ಸಾಲನ್ನು ನೆಲಕ್ಕೆ ಕೂರಿಸಿ. ಕೂತವರನ್ನು ಯಾರೂ ತುಳಿದು ಬರುವುದಿಲ್ಲ. ಎಳೆಕೂಸುಗಳನ್ನು ಮಾತ್ರ ಆ ಸಾಲಿನಿಂದ ಹಿಂದೆ ಕಳುಹಿಸಿ. ಹತ್ತಿರದಲ್ಲಿ ಡೊಳ್ಳು 100 ಡೆಸಿಬಲ್ ದಾಟುವುದುಂಟು. ಆ ಮಟ್ಟವನ್ನು ಕಿವಿ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ತಾಳಬಾರದು ಎನ್ನುವುದು ಕೆಲಸದ ಜಾಗಗಳಿಗೆ ತಜ್ಞರು ಹಾಕಿರುವ ಮಿತಿ. ವಾರವಿಡೀ ಬಾರಿಸುವ ನೀವೂ ಅಭ್ಯಾಸದಲ್ಲಿ ಕಿವಿಗೆ ಫೋಮಿನ ಬಿರಡೆ ಹಾಕಿಕೊಳ್ಳಿ. ಗಂಡಸುತನಕ್ಕೆ ಕುಂದೇನೂ ಬರುವುದಿಲ್ಲ.

ಡೊಳ್ಳಿಗೆ ಮೈಕ್ ಹಿಡಿಯಲು ಬರುವವರನ್ನು ವಿನಯದಿಂದ ದೂರವಿಡಿ. ಬೇಕಿದ್ದರೆ ಹಾಡುವವರಿಗೊಂದು, ತಾಳಕ್ಕೊಂದು. ಮೈದಾನದ ಆ ತುದಿಯ ಸ್ಪೀಕರಿನಿಂದ ನಿಮ್ಮದೇ ಏಟು ತಡವಾಗಿ ಮರಳಿ ಬರುತ್ತದೆ, 35 ಮೀಟರ್ ದೂರದ್ದಾದರೆ 100 ಮಿಲಿಸೆಕೆಂಡ್. ಎದುರಿಗೆ 17 ಮೀಟರಿನಾಚೆ ದೊಡ್ಡ ಗೋಡೆಯಿದ್ದರೂ ಅದೇ ಕಾಟ, ಹೋಗಿ ಬರುವ ದಾರಿ ಸೇರಿ ಅಷ್ಟೇ ಆಗುತ್ತದೆ. ಬಸ್ ನಿಲ್ದಾಣದ ಚೌಕಗಳಲ್ಲಿ ಒಳ್ಳೆಯ ಮೇಳಗಳೂ ತಡವರಿಸುವುದು ಇದಕ್ಕೇ. ಗೋಡೆಗೆ ತೀರ ಹತ್ತಿರ ಸರಿಯಿರಿ, ಇಲ್ಲವೇ ತೀರ ದೂರ.

ಕಾನೂನಿನ ಮಾತು ಚಿಕ್ಕದು, ಆದರೆ ಮರೆಯುವಂಥದ್ದಲ್ಲ. ‘ನಮ್ಮದು ಮೈಕ್ ಅಲ್ಲವಲ್ಲ’ ಎಂಬ ವಾದ ನಡೆಯುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳು ಈಗಿರುವಂತೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣದ ಹೊರಗೆ ಧ್ವನಿವರ್ಧಕ ಮಾತ್ರವಲ್ಲ, ವಾದ್ಯಗಳನ್ನೂ ಬಳಸುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದು ನಿಮ್ಮ ಊರಿಗೆ, ಆ ದಿನಕ್ಕೆ ಇದೆಯೇ ಎಂದು ಠಾಣೆಯಲ್ಲಿ ಅನುಮತಿ ಪಡೆಯುವಾಗಲೇ ಕೇಳಿ. ಆಸ್ಪತ್ರೆ ಬಂದರೆ ನೂರು ಮೀಟರ್ ಮೊದಲೇ ಕೋಲು ಮೇಲೆತ್ತಿ, ಬರೀ ಹೆಜ್ಜೆ ಹಾಕಿ. ಹದಿನಾರು ಜನರ ಗೆಜ್ಜೆ ಮಾತ್ರ ಝಲ್ ಝಲ್ ಎಂದು ಸಾಗುವಾಗ ಜನ ಇನ್ನಷ್ಟು ಹೊತ್ತು ನೋಡುತ್ತಾರೆ.

ಮೆರವಣಿಗೆಯೇ ನಿಜವಾದ ಪರೀಕ್ಷೆ. ಮೈಸೂರು ದಸರೆಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್. ನಡೆಯುವುದೆಂದರೆ ಸಾಲು, ಸಾಲೆಂದರೆ ಈಗ ಹೇಳಿದ 80 ಮಿಲಿಸೆಕೆಂಡ್. ಇದಕ್ಕೆ ಪರಿಹಾರ ಎರಡು. ನಡೆಯುವಾಗ ಒಂಟಿ ಸಾಲು ಬೇಡ, ನಾಲ್ವರಂತೆ ನಾಲ್ಕು ಸಾಲು, ತಾಳದವನು ಎರಡನೇ ಮತ್ತು ಮೂರನೇ ಸಾಲಿನ ನಡುವೆ. ಆಗ ಮುಂದಿನಿಂದ ಹಿಂದಕ್ಕೆ 18 ಅಡಿ ಮಾತ್ರ, 16 ಮಿಲಿಸೆಕೆಂಡ್. ಎರಡನೆಯದು, ನಡೆಯುವಾಗ ನಿಧಾನದ ಸರಳ ನಡೆ, ಏಟು ಕಡಿಮೆ, ಖಾಲಿ ಹೆಚ್ಚು. ಮೆರವಣಿಗೆ ನಿಂತ ಕಡೆ ಎಲ್ಲ ಕೂಡಲೇ ಸುತ್ತು ಕಟ್ಟಿ, ಅಲ್ಲಿ ಏರಿಸಿ. ಸಾಲಿನಿಂದ ಸುತ್ತಿಗೆ, ಸುತ್ತಿನಿಂದ ಸಾಲಿಗೆ ಎಂಟು ಎಣಿಕೆಯ ಎರಡು ಆವರ್ತದಲ್ಲಿ ಬದಲಾಗುವುದನ್ನು ಅಭ್ಯಾಸ ಮಾಡಿ. ಸೂಚನೆಗೆ ಸೀಟಿ ಒಳ್ಳೆಯದು, ಅದೂ ತಾಳದಂತೆ ಡೊಳ್ಳಿನ ಮೇಲೆ ತೇಲುತ್ತದೆ. ಕೂಗಿದ ಮಾತು ತೇಲುವುದಿಲ್ಲ. ಮುಂದಿನ ತಂಡ ತಮಟೆಯವರದೋ ನಗಾರಿಯವರದೋ ಆಗಿದ್ದರೆ ಐವತ್ತು ಅಡಿಯಾದರೂ ಹಿಂದೆ ಉಳಿಯಿರಿ, ಇಲ್ಲದಿದ್ದರೆ ಎರಡು ತಾಳ ಕೂಡಿ ಎರಡೂ ಕೆಡುತ್ತವೆ. ಮಧ್ಯಾಹ್ನದ ಡಾಂಬರು ಬರಿಗಾಲನ್ನು ಸುಡುತ್ತದೆ. ನೀರು ಚೆಲ್ಲಿಸಿ, ಆದರೆ ಕಲ್ಲುಹಾಸಿನ ಮೇಲೆ ಚೆಲ್ಲಬೇಡಿ, ಜಾರುತ್ತದೆ.

ಡೊಳ್ಳಿನ ಮೇಲೆ ಹತ್ತಿ ನಿಲ್ಲುವ ಪಿರಮಿಡ್ಡಿನ ಬಗ್ಗೆಯೂ ಕೇಳಿದ್ದೀರಿ. ಬಹಳ ಮೇಳಗಳು ಮಾಡುತ್ತವೆ, ಜನರಿಗೆ ಇಷ್ಟ. ನಮಗೆ ಅದು ಒಪ್ಪಿಗೆಯಿಲ್ಲ. ಪೂಜೆ ಮಾಡಿ ಎತ್ತಿಕೊಂಡದ್ದನ್ನು ತುಳಿಯುವುದೇ ಎಂದು ಕೇಳುವ ಹಿರಿಯರ ಮಾತಿನಲ್ಲಿ ಹುರುಳಿದೆ. ಅದಿರಲಿ, ಮಲಗಿಸಿದ ಡೊಳ್ಳು ಉರುಳುತ್ತದೆ, ನಿಲ್ಲಿಸಿದ ಡೊಳ್ಳಿನ ಚರ್ಮದ ಮೇಲೆ ಕಾಲಿಟ್ಟರೆ ಒಂದು ವರ್ಷದ ಬಿಗಿ ಒಂದು ಕ್ಷಣಕ್ಕೆ ಹೋಗುತ್ತದೆ. ಮಾಡಿಯೇ ತೀರುತ್ತೇವೆ ಅನ್ನುವವರು ಮಲಗಿಸಿದ ಡೊಳ್ಳಿನ ಎರಡೂ ಬದಿಗೆ ಇಬ್ಬರು ಮಂಡಿಯೂರಿ ತೊಡೆಯಿಂದ ಒತ್ತಿ ಹಿಡಿಯಲಿ, ಹತ್ತುವವನ ಪಾದ ಮರದ ಹೊಟ್ಟೆಯ ಮೇಲಿರಲಿ, ಎರಡಂತಸ್ತಿಗಿಂತ ಮೇಲೆ ಬೇಡ.

ಮುಗಿದ ಮೇಲೆ ಊಟಕ್ಕೆ ಓಡಬೇಡಿ. ಮೊದಲು ಎಲ್ಲ ಉಂಗುರಗಳನ್ನು ಬಿಗಿದ ಹಾಗೆಯೇ ಎದುರುಬದುರಾಗಿ ಅರ್ಧ ಸಡಿಲಿಸಿ. ಬೆವರು ಬಿದ್ದ ಬಳೆಯಂಚನ್ನು ಒಣ ಬಟ್ಟೆಯಿಂದ ಒರೆಸಿ. ಬಿಗಿದಿಟ್ಟ ಡೊಳ್ಳನ್ನು ಗಾಡಿಯಲ್ಲಿ ಬಿಸಿಲಿಗೆ ಬಿಟ್ಟರೆ ಖಾಲಿ ಹೊತ್ತಿನಲ್ಲೇ, ಯಾರೂ ಮುಟ್ಟದೆಯೇ ಪಟ್ ಎಂದು ಒಡೆಯುತ್ತದೆ. ಮನೆಗೆ ತಂದ ಮೇಲೆ ಚರ್ಮ ನೆಲಕ್ಕೆ ತಾಗುವಂತೆ ಇಡಬೇಡಿ, ಗೋಡೆಗೂ ಒರಗಿಸಬೇಡಿ. ಜಂತಿಗೆ ತೂಗುಹಾಕಿ, ತೂಗುವ ಹಗ್ಗಕ್ಕೆ ನಡುವೆ ಒಂದು ತಗಡಿನ ತಟ್ಟೆ ಪೋಣಿಸಿ. ಇಲಿಗೆ ಆಡಿನ ಚರ್ಮ ಅಂದರೆ ಪ್ರಾಣ, ಹಗ್ಗ ಹಿಡಿದು ಇಳಿಯುವುದೂ ಅದಕ್ಕೆ ಗೊತ್ತು. ತಟ್ಟೆ ದಾಟುವುದು ಗೊತ್ತಿಲ್ಲ.